ಸೊಪ್ಪು ಮೊಳಕಾಲೆತ್ತರ, ಕೆಳಗೆ ಕ್ಯಾರೆಟ್ ಕವಲು ಕವಲು. ಗೊಬ್ಬರದಲ್ಲಿ ಎಲ್ಲಿ ತಪ್ಪಿತು?

ಹೊಸಮಡಿ:
ಎಲ್ಲರಿಗೂ ನಮಸ್ಕಾರ. ಈಗಷ್ಟೇ ಕ್ಯಾರೆಟ್ ಅಗೆದು ಕೈ ತೊಳೆದು ಕೂತಿದ್ದೇನೆ. ಬೇಜಾರಾಗಿದೆ, ಅದಕ್ಕೇ ಕೇಳುತ್ತಿದ್ದೇನೆ. ಮಡಿ 10 ಚದರ ಮೀಟರ್. ಬಿತ್ತುವ ಎರಡು ವಾರ ಮುಂಚೆ 20 ಕೆಜಿ ಕೋಳಿ ಗೊಬ್ಬರ ಹಾಕಿ ಮಣ್ಣಿಗೆ ಬೆರೆಸಿದೆ. ಮೊಳಕೆ ಬಂದು ತಿಂಗಳಿಗೆ ಒಂದು ಸಲ, ಎರಡು ತಿಂಗಳಿಗೆ ಇನ್ನೊಂದು ಸಲ, ತಲಾ 100 ಗ್ರಾಂ ಯೂರಿಯಾ ಕೊಟ್ಟೆ. ಸೊಪ್ಪು ಅಂದರೆ ಸೊಪ್ಪು, ಮೊಳಕಾಲು ಮುಟ್ಟುತ್ತಿತ್ತು, ಕಡು ಹಸಿರು. ನೋಡಿದವರೆಲ್ಲ ಹೊಗಳಿದರು. ಅಗೆದು ನೋಡಿದರೆ ಅರ್ಧಕ್ಕರ್ಧ ಎರಡು ಕಾಲು, ಮೂರು ಕಾಲು. ಒಂದಂತೂ ಕೈಬೆರಳು ಬಿಡಿಸಿ ಹಿಡಿದ ಹಾಗಿದೆ. ಮೈತುಂಬ ಕೂದಲಿನಂಥ ಬೇರು. ನೆಟ್ಟಗಿರುವುದನ್ನು ಕಚ್ಚಿದರೆ ಬರೀ ನೀರು, ಸಿಹಿಯೇ ಇಲ್ಲ. ಮೂರು ವಾರದ ಹಿಂದೆ ಕಿತ್ತಿಟ್ಟ ಒಂದು ಬುಟ್ಟಿ ಆಗಲೇ ತುದಿಯಿಂದ ಮೆತ್ತಗಾಗಿ ಕೊಳೆಯುತ್ತಿದೆ. ಗೊಬ್ಬರ ಕಡಿಮೆಯಾಯಿತೇ? ಪೊಟ್ಯಾಷ್ ಕೊಡಬೇಕಿತ್ತೇ? ದಯವಿಟ್ಟು ಬಿಡಿಸಿ ಹೇಳಿ.

ತಾರಸಿತೋಟ:
ಕಲ್ಲು ಇರಬೇಕು ನೋಡಿ. ನನಗೆ ಕುಂಡದಲ್ಲಿ ಜರಡಿ ಹಿಡಿದ ಮಣ್ಣಿಗೆ ಹಾಕಿದಾಗ ಒಂದೂ ಕವಲೊಡೆದಿಲ್ಲ.

ಕೆಮ್ಮಣ್ಣು:
ಕಡಿಮೆ ಅಲ್ಲ, ಜಾಸ್ತಿ. ತುಂಬಾ ಜಾಸ್ತಿ. ಲೆಕ್ಕ ಹಾಕಿ ನೋಡೋಣ. ಕೋಳಿ ಗೊಬ್ಬರದಲ್ಲಿ ಸುಮಾರು ಶೇಕಡ 3 ಸಾರಜನಕ ಇರುತ್ತದೆ. 20 ಕೆಜಿಗೆ 600 ಗ್ರಾಂ ಆಯಿತು. ಯೂರಿಯಾದಲ್ಲಿ ಶೇಕಡ 46. ನಿಮ್ಮ 200 ಗ್ರಾಂಗೆ 92 ಗ್ರಾಂ. ಈಗ ಕ್ಯಾರೆಟ್‌ಗೆ ಬೇಕಾದ್ದು ಎಷ್ಟು? ಹೆಕ್ಟೇರಿಗೆ 100 ಕೆಜಿ ಆಸುಪಾಸು, ಅಂದರೆ ನಿಮ್ಮ 10 ಚದರ ಮೀಟರ್‌ಗೆ 100 ಗ್ರಾಂ. ಅದರಲ್ಲೂ ಒಂದು ಪಾಲು ಮಣ್ಣೇ ಕೊಡುತ್ತದೆ. ಕೋಳಿ ಗೊಬ್ಬರದ ಸಾರಜನಕದಲ್ಲಿ ಅರ್ಧ ಮಾತ್ರ ಈ ಬೆಳೆಗೆ ಸಿಕ್ಕಿತು ಅಂತ ಇಟ್ಟುಕೊಂಡರೂ ಬೇಕಾದ್ದಕ್ಕಿಂತ ಮೂರು ಪಟ್ಟು. ಅದರ ಮೇಲೆ ಯೂರಿಯಾ ಬೇರೆ.

ಸಾರಜನಕ ಧಾರಾಳವಾಗಿ ಸಿಕ್ಕಿದರೆ ಗಿಡ ಏನು ಮಾಡುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಎಲೆ ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆ ಕೆಳಗಿಳಿದು ಬೇರಿನಲ್ಲಿ ಕೂತರೆ ನಮಗೆ ಕ್ಯಾರೆಟ್. ಸಾರಜನಕ ಇನ್ನೂ ಬರುತ್ತಲೇ ಇದ್ದರೆ ಗಿಡ ಅದೇ ಸಕ್ಕರೆಯನ್ನು ಮತ್ತೆ ಹೊಸ ಎಲೆ ಕಟ್ಟಲು ಬಳಸುತ್ತದೆ, ಕೆಳಗೆ ಕೂಡಿಡುವ ಯೋಚನೆಯೇ ಅದಕ್ಕೆ ಬರುವುದಿಲ್ಲ. ಬೇರಿಗೆ ಹೋದದ್ದೂ ನೀರು ತುಂಬಿಕೊಂಡು ಊದುತ್ತದೆ, ಗಟ್ಟಿ ಅಂಶ ಕಡಿಮೆ. ಅದಕ್ಕೇ ಸಿಹಿ ಇಲ್ಲ, ಅದಕ್ಕೇ ಬುಟ್ಟಿಯಲ್ಲಿ ಕೊಳೆತದ್ದು. ನೀವು ಹೇಳಿದ ಮೂರು ತೊಂದರೆಯಲ್ಲಿ ಎರಡಕ್ಕೆ ಕಾರಣ ಒಂದೇ.

ಸೊಪ್ಪು ನೋಡಿ ಗೊಬ್ಬರ ಹಾಕುವುದನ್ನು ದಯವಿಟ್ಟು ಬಿಡಿ. ಸೊಪ್ಪಿನ ಬೆಳೆಗೆ ಅದು ಸರಿ. ನಮಗೆ ಬೇಕಾದ್ದು ಮಣ್ಣೊಳಗೆ ಇದೆ, ಅಲ್ವಾ?

ಹೊಸಮಡಿ:
ಸರ್, ಮೂರು ಪಟ್ಟು ಅಂತ ಓದಿ ಎದೆ ಧಸಕ್ಕೆಂದಿತು. ಸಾವಯವ ಗೊಬ್ಬರ ಎಷ್ಟು ಹಾಕಿದರೂ ತೊಂದರೆ ಇಲ್ಲ ಅಂತಲೇ ನಂಬಿದ್ದೆ. ಹಾಗಾದರೆ ಕವಲು ಯಾಕೆ ಬಂತು? ಕಲ್ಲು ಇತ್ತು, ಆದರೆ ಜಾಸ್ತಿ ಇರಲಿಲ್ಲ.

ಬೇರುಬಿಳಲು:
ಕವಲಿನ ವಿಷಯ ನಾನು ಹೇಳುತ್ತೇನೆ, ಎಂಟು ವರ್ಷದಿಂದ ಕ್ಯಾರೆಟ್ ಬೆಳೆಯುತ್ತಿದ್ದೇನೆ. ಬೀಜ ಮೊಳೆತ ಮೊದಲ ಮೂರು ವಾರದಲ್ಲೇ ತಾಯಿಬೇರು ನೆಟ್ಟಗೆ ಕೆಳಗೆ ಇಳಿದು ಉದ್ದ ಎಷ್ಟು ಅನ್ನುವುದನ್ನು ಹೆಚ್ಚುಕಡಿಮೆ ತೀರ್ಮಾನಿಸಿಬಿಡುತ್ತದೆ. ಆಗ ಅದು ದಾರದಷ್ಟು ಸಣ್ಣ. ಆ ತುದಿಗೆ ಏಟು ಬಿದ್ದರೆ ಮುಗಿಯಿತು, ಪಕ್ಕದ ಬೇರುಗಳು ದಪ್ಪಗಾಗಲು ಶುರು. ಏಟು ಯಾವುದರಿಂದಲೂ ಬೀಳಬಹುದು. ಕಲ್ಲು, ತುಳಿದು ಗಟ್ಟಿಯಾದ ಮಣ್ಣು, ಬೇರಿನ ಜಂತುಹುಳು, ಎಳೆ ಬೇರನ್ನು ತಿನ್ನುವ ಶಿಲೀಂಧ್ರ, ಸಸಿ ಕಿತ್ತು ನೆಡುವುದು. ಹಸಿ ಗೊಬ್ಬರ ಕೂಡ. ಅದರಿಂದ ಬರುವ ಅಮೋನಿಯಾ ಮತ್ತು ಉಪ್ಪಿನಂಶ ಆ ಎಳೆ ತುದಿಯನ್ನು ಸುಟ್ಟುಬಿಡುತ್ತದೆ. ಎರಡೇ ವಾರದ ಹಿಂದೆ ಹಾಕಿದ ಕೋಳಿ ಗೊಬ್ಬರ, ಅದೂ ಅಷ್ಟೊಂದು! ಗೊಬ್ಬರ ಕಳಿತಿತ್ತಾ, ಹಸಿಯಾ?

ಹೊಸಮಡಿ:
ಹಸಿ ಅಕ್ಕ. ವಾಸನೆ ಇತ್ತು, ಮುಟ್ಟಿದರೆ ಬಿಸಿ ಇತ್ತು.

ಬೇರುಬಿಳಲು:
ಬಿಸಿ ಇತ್ತು ಅಂದ ಮೇಲೆ ಬೇರೆ ಹುಡುಕಬೇಕಾಗಿಲ್ಲ. ಕಳಿತ ಗೊಬ್ಬರ ಕೈಯಲ್ಲಿ ಹಿಡಿದರೆ ತಣ್ಣಗಿರಬೇಕು, ಹಿಂಡಿದರೆ ಉಂಡೆಯಾಗಿ ಬೆರಳು ತಾಗಿಸಿದರೆ ಉದುರಬೇಕು, ಮಳೆ ಬಿದ್ದ ಕಾಡಿನ ಮಣ್ಣಿನ ವಾಸನೆ ಬರಬೇಕು. ನಾನು ಗೆಡ್ಡೆ ತರಕಾರಿಗೆ ಅಂತ ಗೊಬ್ಬರವನ್ನೇ ಹಾಕುವುದಿಲ್ಲ. ಅದಕ್ಕೆ ಮುಂಚಿನ ಬೆಳೆಗೆ, ಎಲೆಕೋಸಿಗೋ ಕುಂಬಳಕ್ಕೋ, ಚೆನ್ನಾಗಿ ಹಾಕಿರುತ್ತೇನೆ. ಆ ಬೆಳೆ ಸಾರಜನಕವನ್ನೆಲ್ಲ ತಿಂದು ಹೋಗಿರುತ್ತದೆ, ಮಣ್ಣು ಮೆತ್ತಗೆ ಉಳಿದಿರುತ್ತದೆ. ಅಲ್ಲಿ ಕ್ಯಾರೆಟ್ ಬಿತ್ತಿ ನೋಡಿ.

ಇನ್ನೊಂದು ಮಾತು, ಇದು ಆರೋಗ್ಯದ್ದು. ಹಸಿ ಗೊಬ್ಬರದಲ್ಲಿ ರೋಗ ತರುವ ಸೂಕ್ಷ್ಮಜೀವಿ ಇರಬಹುದು, ಕ್ಯಾರೆಟ್ ಮೂಲಂಗಿ ಹಸಿಯಾಗಿಯೇ ತಿನ್ನುವಂಥವು, ಮಣ್ಣಲ್ಲೇ ಕೂತಿರುವಂಥವು. ಅಮೆರಿಕದ ಸಾವಯವ ನಿಯಮದಲ್ಲಿ ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿದ ದಿನದಿಂದ ಕಟಾವಿಗೆ ಕನಿಷ್ಠ 120 ದಿನ ಅಂತರ ಇರಬೇಕು, ಮಣ್ಣಿಗೆ ತಾಗದಿದ್ದರೆ 90. ನಿಮ್ಮ ಲೆಕ್ಕದಲ್ಲಿ ಅಷ್ಟು ದಿನ ಆಗಿತ್ತಾ ನೋಡಿಕೊಳ್ಳಿ. ಆಗಿಲ್ಲದಿದ್ದರೆ ಹಸಿಯಾಗಿ ತಿನ್ನಬೇಡಿ, ಬೇಯಿಸಿ.

ಎರೆಗೊಬ್ಬರ:
ಯೂರಿಯಾ ಹಾಕಿದ್ದೇ ತಪ್ಪು. ಅದೊಂದು ಇಲ್ಲದಿದ್ದರೆ ರುಚಿ ತಾನಾಗಿ ಬರುತ್ತಿತ್ತು. ರಾಸಾಯನಿಕದಲ್ಲಿ ಬೆಳೆದ ಗೆಡ್ಡೆಗೆ ರುಚಿ ಎಲ್ಲಿಂದ ಬರಬೇಕು?

ಕೆಮ್ಮಣ್ಣು:
ಇಲ್ಲಿ ನಿಮ್ಮ ಮಾತು ಒಪ್ಪುವುದಕ್ಕೆ ಆಗುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ. 692 ಗ್ರಾಂ ಸಾರಜನಕದಲ್ಲಿ ಯೂರಿಯಾದ್ದು 92 ಮಾತ್ರ. ಬೇರು ಎಳೆದುಕೊಳ್ಳುವಾಗ ಅದು ನೈಟ್ರೇಟ್ ಅಥವಾ ಅಮೋನಿಯಂ ರೂಪದಲ್ಲೇ ಹೋಗುತ್ತದೆ, ಕೋಳಿಯಿಂದ ಬಂದದ್ದೋ ಚೀಲದಿಂದ ಬಂದದ್ದೋ ಬೇರಿಗೆ ಗೊತ್ತಾಗುವುದಿಲ್ಲ. ಕಳಿತ ಕಾಂಪೋಸ್ಟ್ ಮತ್ತು ಎರೆಗೊಬ್ಬರದ ನಿಜವಾದ ಒಳ್ಳೆಯತನ ಬೇರೆ ಇದೆ. ನಿಧಾನವಾಗಿ ಬಿಡುತ್ತವೆ, ಮಣ್ಣು ಸಡಿಲ ಮಾಡುತ್ತವೆ, ನೀರು ಹಿಡಿಯುತ್ತವೆ. ಗೆಡ್ಡೆ ಸಲೀಸಾಗಿ ಊದಲು ಅದು ಬೇಕೇ ಬೇಕು. ನಾನೂ ಹಾಕುತ್ತೇನೆ. ಆದರೆ ಸಾವಯವ ಅಂದ ಮಾತ್ರಕ್ಕೆ ಲೆಕ್ಕ ಬಿಡಬಾರದು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧ, ಕೋಳಿ ಗೊಬ್ಬರದಲ್ಲಿ ಅದರ ಆರು ಪಟ್ಟು. ಎರಡನ್ನೂ ಒಂದೇ ಬುಟ್ಟಿಯಲ್ಲಿ ಅಳೆದರೆ ಹೀಗೇ ಆಗುವುದು.

ಎರೆಗೊಬ್ಬರ:
ಸರಿ, ಲೆಕ್ಕ ಒಪ್ಪಿದೆ. ಆದರೂ ಮೇಲಿಂದ ಎರಡು ತಿಂಗಳಿಗೆ ಕೊಟ್ಟ ಆ ಯೂರಿಯಾ ತೊಂದರೆ ಮಾಡಿಲ್ಲ ಅಂತೀರಾ?

ಕೆಮ್ಮಣ್ಣು:
ಮಾಡಿದೆ. ಅದನ್ನು ನೀವು ಎತ್ತಿದ್ದು ಒಳ್ಳೆಯದಾಯಿತು. ಎಷ್ಟು ಅನ್ನುವುದರಷ್ಟೇ ಯಾವಾಗ ಅನ್ನುವುದೂ ಮುಖ್ಯ. ಕೊನೆಯ ಹಂತದಲ್ಲಿ ಸಾರಜನಕ ಕೊಟ್ಟರೆ ಗಿಡ ಮಾಗುವುದನ್ನು ಮುಂದೂಡುತ್ತದೆ. ಆಲೂಗಡ್ಡೆಯಲ್ಲಿ ಇದು ಕಣ್ಣಿಗೆ ಕಾಣುತ್ತದೆ, ಅಗೆದ ಮೇಲೆ ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿದು ಬರುತ್ತದೆ. ಬಲಿಯದ ಸಿಪ್ಪೆ. ಅಂಥದ್ದನ್ನು ಮೂಟೆ ಕಟ್ಟಿದರೆ ಗಾಯ, ಗಾಯದಿಂದ ಕೊಳೆ.

ಸಕ್ಕರೆ ಬೀಟ್ ಬೆಳೆಯುವವರಿಗೆ ಈ ಪಾಠ ಚೆನ್ನಾಗಿ ಗೊತ್ತು. ಅಲ್ಲಿ ಸಾರಜನಕ ಹೆಚ್ಚಾದರೆ ಗೆಡ್ಡೆ ತೂಕ ಬರುತ್ತದೆ, ಸಕ್ಕರೆಯ ಪ್ರಮಾಣ ಇಳಿಯುತ್ತದೆ. ಅಷ್ಟೇ ಅಲ್ಲ, ರಸದಲ್ಲಿ ಉಳಿದ ಸಾರಜನಕದ ಅಂಶಗಳು ಸಕ್ಕರೆ ಹರಳುಗಟ್ಟುವುದಕ್ಕೂ ಅಡ್ಡ ಬರುತ್ತವೆ. ನಾವು ಹಿತ್ತಲಲ್ಲಿ ಸಕ್ಕರೆ ಅಳೆಯುವುದಿಲ್ಲ, ನಾಲಿಗೆಯಲ್ಲಿ ಅಳೆಯುತ್ತೇವೆ. ವಿಷಯ ಅದೇ.

ಅರಿಶಿನಬಣ್ಣ:
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನೈಟ್ರೇಟ್ ಬಗ್ಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಕೂಸು ಇದೆ, ಬೀಟ್‌ರೂಟ್ ಬೇಯಿಸಿ ಕೊಡಬಹುದಾ ಅನ್ನುವ ಭಯ ನನಗೆ.

ಬೇರುಬಿಳಲು:
ಗಿಡ ಬಳಸಿಕೊಳ್ಳಲಾಗದೆ ಉಳಿದ ನೈಟ್ರೇಟ್ ಗೆಡ್ಡೆಯಲ್ಲಿ ಕೂಡಿಕೊಳ್ಳುತ್ತದೆ ಅನ್ನುವುದು ನಿಜ. ಬೀಟ್‌ರೂಟ್‌ನಲ್ಲಿ ಮಾಮೂಲಾಗಿಯೇ ಜಾಸ್ತಿ, ಕೆಜಿಗೆ 1000 ಮಿಲಿಗ್ರಾಂ ದಾಟುವುದು ಅಪರೂಪವಲ್ಲ. ಕ್ಯಾರೆಟ್‌ನಲ್ಲಿ ಸಾಮಾನ್ಯವಾಗಿ ಕೆಲವೇ ನೂರು. ಸಾರಜನಕ ಸುರಿದರೆ, ನೆರಳಿನಲ್ಲಿ ಬೆಳೆದರೆ, ಎರಡರಲ್ಲೂ ಏರುತ್ತದೆ. ದೊಡ್ಡವರಿಗೆ ಬೀಟ್‌ರೂಟ್ ಕೆಟ್ಟದ್ದಲ್ಲ, ಅದೇ ನೈಟ್ರೇಟ್ ರಕ್ತದೊತ್ತಡ ಸ್ವಲ್ಪ ಇಳಿಸುತ್ತದೆ ಅಂತ ಅಧ್ಯಯನಗಳೂ ಇವೆ. ಎಳೆ ಕೂಸಿನ ವಿಷಯ ಬೇರೆ. ಯುರೋಪಿನಲ್ಲಿ ಶಿಶು ಆಹಾರಕ್ಕೆ ಕೆಜಿಗೆ 200 ಮಿಲಿಗ್ರಾಂ ನೈಟ್ರೇಟ್ ಮಿತಿ ಇಟ್ಟಿದ್ದಾರೆ, ಅದರಿಂದಲೇ ಅಂದಾಜು ಮಾಡಿ. ಮೂರು ತಿಂಗಳೊಳಗಿನ ಕೂಸಿಗೆ ಮನೆಯಲ್ಲಿ ಅರೆದ ಬೀಟ್‌ರೂಟ್, ಕ್ಯಾರೆಟ್ ಬೇಡವೇ ಬೇಡ. ಆಮೇಲೆ ಯಾವಾಗ ಶುರು ಮಾಡುವುದು ಅಂತ ಮಕ್ಕಳ ಡಾಕ್ಟರನ್ನೇ ಕೇಳಿ.

ಗೆಣಸಿನಬಳ್ಳಿ:
ನನ್ನ ಗೆಣಸಿಗೂ ಇದೇ ಕಥೆ. ಬಳ್ಳಿ ಮೂರು ಮಡಿ ದಾಟಿ ಹೋಗಿತ್ತು, ಅಗೆದರೆ ಪೆನ್ಸಿಲ್ ದಪ್ಪದ ನಾರುಬೇರು. ಆಮೇಲೆ ಸಾರಜನಕ ನಿಲ್ಲಿಸಿ ಪೊಟ್ಯಾಷ್ ಕೊಟ್ಟೆ, ಮುಂದಿನ ಸಲ ಮುಷ್ಟಿಗಾತ್ರದ್ದು ಬಂತು. ಪೊಟ್ಯಾಷ್ ಹಾಕಿ ಅಂತ ಎಲ್ಲರಿಗೂ ಹೇಳುತ್ತೇನೆ.

ಕೆಮ್ಮಣ್ಣು:
ಗೆಡ್ಡೆಗಳಿಗೆ ಪೊಟ್ಯಾಷ್ ಜಾಸ್ತಿ ಬೇಕು, ಸರಿ. ಎಲೆಯ ಸಕ್ಕರೆಯನ್ನು ಕೆಳಗೆ ಸಾಗಿಸುವ ಕೆಲಸಕ್ಕೆ ಅದು ಬೇಕು. ಒಂದು ಟನ್ ಆಲೂಗಡ್ಡೆ ಮಣ್ಣಿನಿಂದ ಹೆಚ್ಚುಕಡಿಮೆ 5ರಿಂದ 6 ಕೆಜಿ ಪೊಟ್ಯಾಷ್ ಹೊತ್ತುಕೊಂಡು ಹೋಗುತ್ತದೆ, ರಂಜಕ ಒಂದೇ ಕೆಜಿ. ಪೊಟ್ಯಾಷ್ ಸಾಲದಿದ್ದರೆ ಆಲೂಗಡ್ಡೆಗೆ ಸಣ್ಣ ಪೆಟ್ಟು ಬಿದ್ದರೂ ಸಿಪ್ಪೆಯೊಳಗೆ ಕಪ್ಪು ಕಲೆ. ಮರಗೆಣಸಿನಲ್ಲಿ ಇನ್ನೂ ಗಂಭೀರ, ಪೊಟ್ಯಾಷ್ ಕೊರತೆಯಾದರೆ ಅಥವಾ ಸಾರಜನಕ ಮಿತಿಮೀರಿದರೆ ಗೆಡ್ಡೆಯಲ್ಲಿ ಸೈನೈಡ್ ಬಿಡುವ ಕಹಿ ಅಂಶ ಏರುತ್ತದೆ.

ಆದರೆ ಯಾವ ಪೊಟ್ಯಾಷ್ ಅನ್ನುವುದನ್ನೂ ಕೇಳಬೇಕು. ಮಾಮೂಲಿ ಸಿಗುವುದು ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅದರಲ್ಲಿ ಕ್ಲೋರೈಡ್ ಇದೆ. ಆಲೂಗಡ್ಡೆಗೆ ಅದು ಜಾಸ್ತಿ ಹೋದರೆ ಗಟ್ಟಿ ಅಂಶ ಇಳಿಯುತ್ತದೆ. ಸಲ್ಫೇಟ್ ಆಫ್ ಪೊಟ್ಯಾಷ್‌ನಲ್ಲಿ ಆ ತೊಂದರೆ ಕಡಿಮೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು: 11 ಲೋಟ ನೀರಿಗೆ 1 ಲೋಟ ಉಪ್ಪು ಕರಗಿಸಿ ಆಲೂಗಡ್ಡೆ ಬಿಡಿ. ಮುಳುಗಿದರೆ ಗಟ್ಟಿ ಅಂಶ ಜಾಸ್ತಿ, ಬೇಯಿಸಿದರೆ ಹಿಟ್ಟುಹಿಟ್ಟಾಗುವ ಜಾತಿ. ತೇಲಿದರೆ ನೀರಿನಂಶ ಜಾಸ್ತಿ. ನಾನು ಎರಡು ಸಾಲಿಗೆ ಎರಡು ಬಗೆಯ ಪೊಟ್ಯಾಷ್ ಕೊಟ್ಟು, ಎರಡರಿಂದಲೂ ಹತ್ತು ಹತ್ತು ಗೆಡ್ಡೆ ತೊಳೆದು ಒಂದೇ ಬಕೆಟ್ಟಿಗೆ ಬಿಟ್ಟಿದ್ದೆ. ಗುರುತಿಗೆ ಒಂದು ಸಾಲಿನವಕ್ಕೆ ಕಡ್ಡಿ ಚುಚ್ಚಿದ ಒಂದೊಂದು ಸಣ್ಣ ತೂತು. ಮ್ಯೂರಿಯೇಟ್‌ನವು ಆರು ತೇಲಿದವು, ಸಲ್ಫೇಟ್‌ನವು ಎರಡು. ಒಂದು ಬಕೆಟ್ಟಿನಿಂದ ಊರಿಗೆಲ್ಲ ತೀರ್ಪು ಕೊಡುವುದಿಲ್ಲ, ಆದರೆ ಆಮೇಲೆ ನಾನು ಚೀಲ ನೋಡದೆ ಕೊಂಡಿಲ್ಲ.

ತಾರಸಿತೋಟ:
ಬೂದಿ ಹಾಕಿದರೆ ಸಾಲದಾ? ಅದರಲ್ಲೂ ಪೊಟ್ಯಾಷ್ ಇದೆಯಲ್ಲ. ನಾನು ಎಲ್ಲಾ ಕುಂಡಕ್ಕೂ ಬೂದಿ ಹಾಕುತ್ತೇನೆ, ಆಲೂಗಡ್ಡೆ ಸಿಪ್ಪೆ ಮೇಲೆ ಮಾತ್ರ ಒರಟು ಒರಟು ಗಾಯದ ಹಾಗೆ ಆಗುತ್ತಿದೆ.

ಬೇರುಬಿಳಲು:
ಅದು ಕಜ್ಜಿ ರೋಗ, ನಿಮ್ಮ ಬೂದಿಯೇ ಅದಕ್ಕೆ ನೆರವಾಗುತ್ತಿದೆ. ಬೂದಿಯಲ್ಲಿ ಪೊಟ್ಯಾಷ್‌ಗಿಂತ ಸುಣ್ಣದ ಅಂಶವೇ ಹೆಚ್ಚು, ಮಣ್ಣಿನ ಪಿಎಚ್ ಏರಿಸುತ್ತದೆ, ಅಂದರೆ ಹುಳಿ ಕಡಿಮೆ ಮಾಡುತ್ತದೆ. ಆ ರೋಗ ತರುವ ಸ್ಟ್ರೆಪ್ಟೋಮೈಸಿಸ್ ಅನ್ನುವ ಜೀವಿಗೆ ಪಿಎಚ್ 5.5 ದಾಟಿದ ಮಣ್ಣು ಇಷ್ಟ. ಗೆಡ್ಡೆ ಕಟ್ಟಲು ಶುರುವಾದಾಗ ಮಣ್ಣು ಒಣಗಿದರೆ ಇನ್ನೂ ಅನುಕೂಲ. ಆಲೂಗಡ್ಡೆ ಕುಂಡಕ್ಕೆ ಬೂದಿ, ಸುಣ್ಣ, ಹಸಿ ಗೊಬ್ಬರ ಮೂರೂ ಬೇಡ, ಆ ನಾಲ್ಕೈದು ವಾರ ಮಣ್ಣು ಒಣಗಲು ಬಿಡಬೇಡಿ. ಅದೇ ಬೂದಿಯನ್ನು ಹುಳಿಮಣ್ಣಿನ ಬೀಟ್‌ರೂಟ್ ಮಡಿಗೆ ತೆಳ್ಳಗೆ ಉದುರಿಸಿ, ಅದಕ್ಕೆ ಪಿಎಚ್ 6.5 ಆಸುಪಾಸು ಒಗ್ಗುತ್ತದೆ. ಕ್ಯಾರೆಟ್‌ಗೂ ತೀರಾ ಹುಳಿಮಣ್ಣು ಆಗುವುದಿಲ್ಲ.

ಅರಿಶಿನಬಣ್ಣ:
ಬೀಟ್‌ರೂಟ್ ಕೊಯ್ದಾಗ ಒಳಗೆ ಬಿಳಿ ಉಂಗುರ ಇರುತ್ತದಲ್ಲ, ಅದು ಯಾವ ಗೊಬ್ಬರದ ಕೊರತೆ? ಇನ್ನು ಕೆಲವದರಲ್ಲಿ ಒಳಗೆ ಕಪ್ಪಗೆ, ಬೆಂಡಿನ ಹಾಗೆ ಗಟ್ಟಿ ಕಲೆ.

ಕೆಮ್ಮಣ್ಣು:
ಬಿಳಿ ಉಂಗುರಕ್ಕೆ ಗೊಬ್ಬರವನ್ನು ದೂರಬೇಡಿ, ಅದು ಬಹುಪಾಲು ಸೆಖೆಯಿಂದ. ಕೆಲವು ತಳಿಗಳಲ್ಲಿ ಹುಟ್ಟಾ ಇರುತ್ತದೆ. ಕ್ಯಾರೆಟ್ ಹೆಗಲು ಹಸಿರಾಗುವುದೂ ಹಾಗೇ, ಬಿಸಿಲು ಬಿದ್ದು ಆಗುವುದು, ಮಣ್ಣು ಏರಿಸಿದರೆ ಸಾಕು.

ಕಪ್ಪು ಕಲೆ ಮಾತ್ರ ಬೋರಾನ್ ಕೊರತೆಯ ಗುರುತು. ನಡುವಿನ ಎಳೆ ಎಲೆ ಸುರುಟಿ ಸತ್ತಿದ್ದರೆ ಇನ್ನೂ ಖಾತ್ರಿ. ಸುಣ್ಣ ಜಾಸ್ತಿ ಬಿದ್ದ ಮಣ್ಣಿನಲ್ಲಿ, ಮರಳು ಮಣ್ಣಿನಲ್ಲಿ, ಒಣಗಿದ ಮಣ್ಣಿನಲ್ಲಿ ಇದು ಬರುತ್ತದೆ. ಮೂಲಂಗಿ, ಟರ್ನಿಪ್ ಒಳಗೆ ಕಂದುಬಣ್ಣ ಬರುವುದಕ್ಕೂ ಇದೇ ಕಾರಣ. ಮದ್ದು ಬೋರಾಕ್ಸ್, ಆದರೆ ಕೈ ಬಿಗಿ ಇರಲಿ: 10 ಚದರ ಮೀಟರ್‌ಗೆ 10ರಿಂದ 15 ಗ್ರಾಂ, ನೀರಿನಲ್ಲಿ ಪೂರ್ತಿ ಕರಗಿಸಿ, ಹೂಜಿಯಿಂದ ಸಮನಾಗಿ ಚಿಮುಕಿಸಬೇಕು. ಕೊರತೆಗೂ ವಿಷಕ್ಕೂ ನಡುವೆ ಅಂತರ ತೀರಾ ಕಡಿಮೆ. ಬೀಟ್‌ರೂಟ್ ತಡೆದುಕೊಳ್ಳುತ್ತದೆ, ಅದೇ ಮಡಿಗೆ ಆಮೇಲೆ ಹುರುಳಿಕಾಯಿ ಹಾಕಿದರೆ ಎಲೆ ಅಂಚು ಸುಟ್ಟುಹೋಗುತ್ತದೆ.

ಎರೆಗೊಬ್ಬರ:
ರಂಜಕದ ಬಗ್ಗೆ ಒಂದು ಎಚ್ಚರಿಕೆ. ರಂಜಕ ಬೇಡ ಅನ್ನುತ್ತಿಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಲ್ಲಿ ಟರ್ನಿಪ್ ಮೇಲೆ ಗೊಬ್ಬರದ ಪ್ರಯೋಗ ಶುರು ಮಾಡಿದ್ದೇ ಸೂಪರ್‌ಫಾಸ್ಫೇಟ್ ಅನ್ನುವ ರಂಜಕ ಗೊಬ್ಬರ ಬಂದ ಹೊಸದರಲ್ಲಿ, ಬೇರಿನ ಬೆಳೆಗೆ ರಂಜಕ ಎಷ್ಟು ಬೇಕು ಅನ್ನುವುದು ಆಗಿನಿಂದಲೂ ಗೊತ್ತು. ಆದರೆ ರಂಜಕ ಗೊಬ್ಬರ ಮಾಡುವ ಕಲ್ಲಿನಲ್ಲಿ ಕ್ಯಾಡ್ಮಿಯಂ ಅನ್ನುವ ವಿಷಲೋಹ ಇರುತ್ತದೆ, ಅದು ಮಣ್ಣಿನಲ್ಲಿ ವರ್ಷ ವರ್ಷ ಉಳಿದು ಕ್ಯಾರೆಟ್, ಆಲೂಗಡ್ಡೆಯೊಳಗೆ ಸೇರುತ್ತದೆ. ಯುರೋಪ್ 2022ರಿಂದ ರಂಜಕ ಗೊಬ್ಬರಕ್ಕೆ ಮಿತಿ ತಂದಿದೆ, ಒಂದು ಕೆಜಿ ರಂಜಕಾಂಶಕ್ಕೆ (ಚೀಲದ ಮೇಲೆ ಬರೆಯುವ P2O5 ಲೆಕ್ಕದಲ್ಲಿ) 60 ಮಿಲಿಗ್ರಾಂ ಕ್ಯಾಡ್ಮಿಯಂ. ಸುಮ್ನೆ ಪ್ರತಿ ಬೆಳೆಗೂ ಹಾಕಬೇಡಿ, ಮಣ್ಣು ಪರೀಕ್ಷೆ ಮಾಡಿಸಿ ಕೊರತೆ ಇದ್ದರೆ ಹಾಕಿ.

ಕೆಮ್ಮಣ್ಣು:
ನೂರಕ್ಕೆ ನೂರು ಒಪ್ಪುತ್ತೇನೆ. ಕೋಳಿ ಗೊಬ್ಬರ ವರ್ಷಗಟ್ಟಲೆ ಹಾಕಿದ ಮಡಿಯಲ್ಲಿ ರಂಜಕ ಆಗಲೇ ತುಂಬಿರುತ್ತದೆ, ಮತ್ತೆ ಕೊಳ್ಳುವುದೇ ಬೇಡ. ಹೊಸಮಡಿ ಅವರೇ, ನಿಮ್ಮ ಮಡಿ ಕೂಡ ಅದೇ ದಾರಿಯಲ್ಲಿದೆ. ಈಗ ಅಲ್ಲಿ ಜೋಳವೋ ಎಲೆಕೋಸೋ ಹಾಕಿ ಉಳಿದ ಸಾರಜನಕ ತೆಗೆಯಿರಿ. ಗೊಬ್ಬರ ಏನೂ ಬೇಡ. ಅದಾದ ಮೇಲೆ ಕ್ಯಾರೆಟ್ ಬಿತ್ತಿ.

ಹೊಸಮಡಿ (ಹನ್ನೊಂದು ತಿಂಗಳ ನಂತರ):
ಮರೆತಿಲ್ಲ, ಬಂದಿದ್ದೇನೆ. ಜೋಳ ಹಾಕಿ ತೆಗೆದೆ. ಆಮೇಲೆ ಮಡಿಯನ್ನು ಮೂರು ಪಾಲು ಮಾಡಿದೆ. ಮೊದಲ ಪಾಲಿಗೆ ಏನೂ ಇಲ್ಲ. ಎರಡನೆಯದಕ್ಕೆ ಸಲ್ಫೇಟ್ ಆಫ್ ಪೊಟ್ಯಾಷ್ ಮಾತ್ರ. ಎರಡರಲ್ಲೂ ಕ್ಯಾರೆಟ್. ಮೂರನೆಯದಕ್ಕೆ ಕಳಿತ ಕಾಂಪೋಸ್ಟ್ ಸ್ವಲ್ಪ, ಲೆಕ್ಕ ಹಾಕಿ ಬೋರಾಕ್ಸ್, ಅಲ್ಲಿ ಬೀಟ್‌ರೂಟ್. ಈ ಸಲ ಕ್ಯಾರೆಟ್ ಸೊಪ್ಪು ಗೇಣುದ್ದ ಅಷ್ಟೇ, ಬಣ್ಣವೂ ತಿಳಿ. ಎರಡು ಮೂರು ಸಲ ಯೂರಿಯಾ ಡಬ್ಬಿ ಹತ್ತಿರ ಹೋಗಿ ವಾಪಸ್ ಬಂದೆ, ಅಷ್ಟು ಕಷ್ಟವಾಯಿತು ಸುಮ್ಮನಿರುವುದು.

ನಿನ್ನೆ ಅಗೆದೆ. ಎರಡನೇ ಪಾಲಿನ ಮೊದಲ ಕ್ಯಾರೆಟ್ ಮುರಿದಾಗ ಟಕ್ ಅಂತ ಸದ್ದು ಬಂತು. ಹೋದ ಸಲ ಮುರಿದರೆ ಬಗ್ಗುತ್ತಿತ್ತು. ಮುರಿದ ಕಡೆ ನೀರು ಸೋರಲಿಲ್ಲ, ಸಣ್ಣ ಹನಿಗಳು ಮುತ್ತಿನ ಹಾಗೆ ನಿಂತವು. ಸಿಹಿ ಇದೆ! ಮೊದಲ ಪಾಲಿನವೂ ರುಚಿ ಇವೆ, ಗಾತ್ರ ಸ್ವಲ್ಪ ಸಣ್ಣ. ಎರಡು ಪಾಲಿನಿಂದ ಒಟ್ಟು 140 ಕಿತ್ತೆ, ಕವಲು ಇದ್ದದ್ದು 9. ಅದರಲ್ಲಿ ಒಂದರ ಎರಡು ಕಾಲಿನ ನಡುವೆ ಕಡಲೆಕಾಳು ಗಾತ್ರದ ಕಲ್ಲು ಕಚ್ಚಿಕೊಂಡು ಕೂತಿತ್ತು, ಬಿಡಿಸಲು ಚಾಕು ಬೇಕಾಯಿತು. ತಾರಸಿತೋಟದವರೇ, ನಿಮ್ಮ ಮಾತೂ ಸುಳ್ಳಲ್ಲ.

ಅರ್ಧ ಬುಟ್ಟಿ ತೊಳೆಯದೆ ಒಣ ಮರಳಿನಲ್ಲಿ ಇಟ್ಟಿದ್ದೇನೆ, ಎಷ್ಟು ವಾರ ತಡೆಯುತ್ತದೆ ನೋಡಬೇಕು. ಬೀಟ್‌ರೂಟ್ ಇನ್ನೂ ಮೂರು ವಾರ ಇದೆ. ಒಂದನ್ನು ಕಿತ್ತು ಕೊಯ್ದು ನೋಡಿದೆ, ಕಪ್ಪು ಕಲೆ ಇಲ್ಲ. ಬೀಟ್‌ರೂಟ್ ತೆಗೆದ ಮೇಲೆ ಮೂರೂ ಪಾಲಿಗೆ ಹುರುಳಿಕಾಯಿ ಹಾಕೋಣ ಅಂತಿದ್ದೇನೆ.

ಬೇರುಬಿಳಲು:
ಟಕ್ ಅಂತ ಮುರಿಯಿತು ಅಂತ ಓದಿ ನನಗೇ ಖುಷಿಯಾಯಿತು. ಮರಳು ಪೂರ್ತಿ ಒಣ ಬೇಡ, ಕೈಯಲ್ಲಿ ಹಿಡಿದರೆ ತಂಪು ತಾಗುವಷ್ಟು ತೇವ ಇರಲಿ, ಇಲ್ಲದಿದ್ದರೆ ಸುಕ್ಕುಗಟ್ಟುತ್ತದೆ. ಸೊಪ್ಪು ಕತ್ತರಿಸಿ ತೆಗೆದಿದ್ದೀರಿ ಅಲ್ವಾ? ಅದಿದ್ದರೆ ನೀರೆಲ್ಲ ಎಳೆದುಬಿಡುತ್ತದೆ.

ಕೆಮ್ಮಣ್ಣು:
ಮೂರನೇ ಪಾಲಿಗೆ ಹುರುಳಿಕಾಯಿ ಬೇಡ, ಅಲ್ಲಿ ಬೋರಾಕ್ಸ್ ಹಾಕಿದ್ದೀರಿ. ಅಲ್ಲಿಗೆ ಎಲೆಕೋಸು ಹಾಕಿ. ಮೊದಲೆರಡು ಪಾಲಿಗೆ ಹುರುಳಿಕಾಯಿ ಬಿತ್ತಿ.